ಸೆಪ್ಸಿಸ್ ರೋಗಿಗೆ ಯಾವ ಡ್ರಿಪ್, ಎಷ್ಟು, ಯಾವಾಗ ನಿಲ್ಲಿಸಬೇಕು?

ಮಳೆ ಹಿಡಿದ ಮೇಲೆ ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಜ್ವರದವರು ಜಾಸ್ತಿ ಆಗುತ್ತಾರೆ. ಗದ್ದೆ ನಾಟಿ ಮಾಡಿದವರು, ಕಾಫಿ ತೋಟದಲ್ಲಿ ಕಳೆ ತೆಗೆದವರು, ಲೈನ್ ಮನೆಗಳಲ್ಲಿರುವ ಹೊರ ರಾಜ್ಯದ ಕೂಲಿಗಳು. ಬಹಳಷ್ಟು ಜನ ಮಾತ್ರೆ ತಗೊಂಡು ಮನೆಗೆ ಹೋಗುತ್ತಾರೆ. ಕೆಲವರನ್ನು ಮಾತ್ರ ನೋಡಿದ ತಕ್ಷಣ ಕೈ ಬೇಗ ಓಡಬೇಕು. ಉಸಿರು ಜೋರು, ನಾಡಿ 130, ಬಿಪಿ 80/40, ಮಾತು ಅಸ್ಪಷ್ಟ, ಬೆಳಗ್ಗೆಯಿಂದ ಮೂತ್ರ ಇಲ್ಲ. ಇದು ಸೆಪ್ಸಿಸ್, ಅದೂ ಶಾಕ್‌ಗೆ, ಅಂದರೆ ಅಂಗಾಂಗಗಳಿಗೆ ಸಾಕಷ್ಟು ರಕ್ತ ಹರಿಯದ ಸ್ಥಿತಿಗೆ, ಜಾರಿದ ಸೆಪ್ಸಿಸ್. ನಾವು ಕಾಲೇಜಿನಲ್ಲಿ ಓದಿದ 'ಸಿವಿಯರ್ ಸೆಪ್ಸಿಸ್' ಅನ್ನುವ ಹೆಸರನ್ನು 2016ರ ಹೊಸ ವ್ಯಾಖ್ಯೆ ಕೈಬಿಟ್ಟಿದೆ. ಸೋಂಕಿನಿಂದ ಅಂಗಾಂಗಕ್ಕೆ ಪೆಟ್ಟು ಬಿದ್ದರೆ ಅದೇ ಸೆಪ್ಸಿಸ್. ಆದರೂ ಕೇಸ್ ಶೀಟ್‌ಗಳಲ್ಲಿ ಹಳೇ ಹೆಸರು ಇನ್ನೂ ಉಳಿದಿದೆ, ಇರಲಿ ಬಿಡಿ.

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ತಾಲ್ಲೂಕು ಆಸ್ಪತ್ರೆಗಳಲ್ಲಿ, ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ರಾತ್ರಿ ಪಾಳಿ ಮಾಡುವ ಡಾಕ್ಟರು ಮತ್ತು ಸ್ಟಾಫ್ ನರ್ಸ್‌ಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ರೋಗಿಯ ಮನೆಯವರೂ ಓದಬಹುದು. ಆದರೆ ಇಲ್ಲಿರುವ ಯಾವುದನ್ನೂ ಮನೆಯಲ್ಲಿ ಮಾಡುವಂತಿಲ್ಲ. ಮೇಲೆ ಹೇಳಿದ ಲಕ್ಷಣ ಕಂಡರೆ ಮನೆಗೆ ಬಂದು ಬಾಟಲಿ ಹಾಕುವವರನ್ನು ಹುಡುಕಬೇಡಿ, 108ಕ್ಕೆ ಫೋನ್ ಮಾಡಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯಾವ ಬಾಟಲಿ ಅನ್ನುವ ಚರ್ಚೆಗೆ ನಾವು ಸುಮ್ನೆ ಬಹಳ ಹೊತ್ತು ಕೊಡುತ್ತೇವೆ. ಅದು ಅರ್ಧ ನಿಮಿಷದಲ್ಲಿ ಮುಗಿಯುವ ಕೆಲಸ. ಎಷ್ಟು ಹಾಕಿದೆವು, ಯಾವಾಗ ಕೈ ಬಿಡಬೇಕು ಅನ್ನುವುದೇ ಕಷ್ಟದ ಭಾಗ.

ಬಾಟಲಿ ಆರಿಸುವುದು

ಕೈಗೆ ಮೊದಲು ಆರ್‌ಎಲ್, ಅಂದರೆ ರಿಂಗರ್ ಲ್ಯಾಕ್ಟೇಟ್ ತೆಗೆದುಕೊಳ್ಳಿ. ಕಾರಣ ಲವಣದ ಲೆಕ್ಕದಲ್ಲಿದೆ. ನಾರ್ಮಲ್ ಸಲೈನ್‌ನ ಒಂದು ಲೀಟರಿನಲ್ಲಿ ಸೋಡಿಯಂ 154, ಕ್ಲೋರೈಡ್ 154 ಮಿಲಿಮೋಲ್ ಇರುತ್ತದೆ. ನಮ್ಮ ರಕ್ತದಲ್ಲಿ ಕ್ಲೋರೈಡ್ ಸುಮಾರು 100 ಅಷ್ಟೇ. ಹೆಸರಲ್ಲಿ ನಾರ್ಮಲ್ ಇದ್ದರೂ ಮೂರ್ನಾಲ್ಕು ಲೀಟರ್ ಹೋಗುವಷ್ಟರಲ್ಲಿ ಕ್ಲೋರೈಡ್ ಏರಿ, ಮೊದಲೇ ಹುಳಿಯಾಗಿರುವ ರಕ್ತ ಇನ್ನಷ್ಟು ಹುಳಿಯಾಗುತ್ತದೆ. ಕಿಡ್ನಿಗೂ ಅದು ಒಳ್ಳೆಯದಲ್ಲ. ಆರ್‌ಎಲ್‌ನಲ್ಲಿ ಸೋಡಿಯಂ ಸುಮಾರು 130, ಕ್ಲೋರೈಡ್ 109, ಪೊಟ್ಯಾಶಿಯಂ 4, ಜೊತೆಗೆ ಸ್ವಲ್ಪ ಕ್ಯಾಲ್ಸಿಯಂ ಮತ್ತು ಲ್ಯಾಕ್ಟೇಟ್.

ಅಮೆರಿಕದ ವ್ಯಾಂಡರ್‌ಬಿಲ್ಟ್‌ನಲ್ಲಿ 15,802 ಐಸಿಯು ರೋಗಿಗಳ ಮೇಲೆ ನಡೆದ ಸ್ಮಾರ್ಟ್ ಅಧ್ಯಯನ 2018ರಲ್ಲಿ ಬಂತು. ಸಾವು, ಡಯಾಲಿಸಿಸ್, ವಾಸಿಯಾಗದ ಕಿಡ್ನಿ ಪೆಟ್ಟು ಮೂರನ್ನೂ ಒಟ್ಟಿಗೆ ಲೆಕ್ಕ ಹಾಕಿದಾಗ ಸಲೈನ್ ಗುಂಪಿನಲ್ಲಿ ಶೇ 15.4, ಆರ್‌ಎಲ್ ಥರದ ದ್ರವದ ಗುಂಪಿನಲ್ಲಿ ಶೇ 14.3. ಸೆಪ್ಸಿಸ್ ಇದ್ದವರಲ್ಲಿ ಈ ಅಂತರ ಇನ್ನೂ ಜಾಸ್ತಿ ಇತ್ತು. ಆಮೇಲೆ 2021ರಲ್ಲಿ ಬ್ರೆಜಿಲ್‌ನ ಬೇಸಿಕ್ಸ್, 2022ರಲ್ಲಿ ಆಸ್ಟ್ರೇಲಿಯಾ-ನ್ಯೂಜಿಲೆಂಡ್‌ನ ಪ್ಲಸ್ ಅಧ್ಯಯನಗಳು ಬಂದವು. ಎರಡರಲ್ಲೂ ಸಾವಿನಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಅಂತರರಾಷ್ಟ್ರೀಯ ಸರ್ವೈವಿಂಗ್ ಸೆಪ್ಸಿಸ್ ಮಾರ್ಗಸೂಚಿ 2021ರಲ್ಲಿ ಆರ್‌ಎಲ್ ಥರದ ದ್ರವಗಳ ಕಡೆಗೇ ವಾಲಿದೆ, ಆದರೆ ಮೆತ್ತಗೆ. ನನ್ನ ಅಭಿಪ್ರಾಯವೂ ಅದೇ. ಆರ್‌ಎಲ್ ಇದ್ದರೆ ಆರ್‌ಎಲ್. ಸ್ಟಾಕ್‌ನಲ್ಲಿ ಸಲೈನ್ ಮಾತ್ರ ಇದ್ದರೆ ಅದನ್ನೇ ಶುರು ಮಾಡಿ. ಆರ್‌ಎಲ್ ತರಿಸೋಣ ಅಂತ ಕಾಯುವುದು ಮಾತ್ರ ಬೇಡ. ಅದೇ ಥರದ ಪ್ಲಾಸ್ಮಾಲೈಟ್ ಕೂಡ ಒಳ್ಳೆಯದೇ, ಆದರೆ ದುಬಾರಿ. ಅಷ್ಟು ಹಣ ಕೊಡುವಂಥ ಲಾಭ ನನಗೆ ಕಂಡಿಲ್ಲ.

ಆರ್‌ಎಲ್ ಬಗ್ಗೆ ಎರಡು ಹಳೆಯ ಭಯಗಳಿವೆ. ಶಾಕ್‌ನಲ್ಲಿ ರಕ್ತದ ಲ್ಯಾಕ್ಟೇಟ್ ಏರುತ್ತದೆ. ಹಾಗಾಗಿ ಮೊದಲನೆಯದು, 'ಲ್ಯಾಕ್ಟೇಟ್ ಮೊದಲೇ ಏರಿದೆ, ಮತ್ತೆ ಲ್ಯಾಕ್ಟೇಟ್ ಹಾಕಬೇಕಾ?' ಅನ್ನುವುದು. ಬಾಟಲಿಯಲ್ಲಿರುವುದು ಸೋಡಿಯಂ ಲ್ಯಾಕ್ಟೇಟ್, ಆಸಿಡ್ ಅಲ್ಲ. ಲಿವರ್ ಅದನ್ನು ಬೈಕಾರ್ಬನೇಟ್ ಮಾಡುತ್ತದೆ. ಲಿವರ್ ಪೂರ್ತಿ ಕೈಕೊಟ್ಟವರಲ್ಲಿ ಮಾತ್ರ ಯೋಚಿಸಿ. ಎರಡನೆಯದು, ಕಿಡ್ನಿ ರೋಗಿಗೆ ಪೊಟ್ಯಾಶಿಯಂ ಏರುತ್ತದೆ ಅನ್ನುವುದು. ಲೀಟರಿಗೆ 4 ಇರುವ ದ್ರವದಿಂದ ರಕ್ತದ ಪೊಟ್ಯಾಶಿಯಂ 6ಕ್ಕೆ ಏರುವುದಿಲ್ಲ. ಕಿಡ್ನಿ ಕಸಿ ಮಾಡಿಸಿಕೊಂಡವರಲ್ಲಿ ಹೋಲಿಸಿ ನೋಡಿದಾಗ ಪೊಟ್ಯಾಶಿಯಂ ಏರಿದ್ದು ಸಲೈನ್ ಹಾಕಿದವರಲ್ಲೇ ಹೆಚ್ಚು. ರಕ್ತ ಹುಳಿಯಾದರೆ ಜೀವಕೋಶದ ಒಳಗಿನ ಪೊಟ್ಯಾಶಿಯಂ ಹೊರಗೆ ಬರುತ್ತದಲ್ಲ, ಅದಕ್ಕೆ.

ನಿಜವಾಗಿ ಎಚ್ಚರ ಬೇಕಾದ ಜಾಗ ಬೇರೆ. ಆರ್‌ಎಲ್‌ನಲ್ಲಿ ಕ್ಯಾಲ್ಸಿಯಂ ಇದೆ. ಸೆಫ್‌ಟ್ರಿಯಾಕ್ಸೋನ್ ಅನ್ನುವ ಆಂಟಿಬಯೋಟಿಕ್ ಜೊತೆ ಸೇರಿದರೆ ಹರಳುಗಟ್ಟುತ್ತದೆ. ನಮ್ಮಲ್ಲಿ ಜ್ವರದ ರೋಗಿಗೆ ಮೊದಲ ಇಂಜೆಕ್ಷನ್ ಬಹುತೇಕ ಸೆಫ್‌ಟ್ರಿಯಾಕ್ಸೋನೇ ಅಲ್ವಾ? ಹಾಗಾಗಿ ಆರ್‌ಎಲ್ ನಿಲ್ಲಿಸಿ, ಲೈನನ್ನು ಸಲೈನ್‌ನಿಂದ ತೊಳೆದು, ಆಮೇಲೆ ಔಷಧಿ ಕೊಡಿ. ಇಲ್ಲವೇ ಇನ್ನೊಂದು ಕೈಯಲ್ಲಿ ಬೇರೆ ಸೂಜಿ ಹಾಕಿ. ನವಜಾತ ಶಿಶುಗಳಿಗೆ ಈ ಜೋಡಿಯೇ ಬೇಡ. ರಕ್ತ ಕೊಡುವ ಲೈನಿನಲ್ಲೂ ಆರ್‌ಎಲ್ ಬೇಡ. ತಲೆಗೆ ಪೆಟ್ಟು ಬಿದ್ದವರಿಗೆ, ವಾಂತಿ ಮಾಡಿ ಮಾಡಿ ಕ್ಲೋರೈಡ್ ಕಳಕೊಂಡವರಿಗೆ ಸಲೈನೇ ಸರಿ.

ಇನ್ನು 'ಗ್ಲೂಕೋಸ್'. "ಡಾಕ್ಟ್ರೇ, ಅಪ್ಪಂಗೆ ಸುಸ್ತು ಜಾಸ್ತಿ, ಒಂದು ಗ್ಲೂಕೋಸ್ ಹಾಕಿ" ಅಂತ ಬೇಲೂರಿನಿಂದ ಶೃಂಗೇರಿವರೆಗೆ ಎಲ್ಲರೂ ಕೇಳುತ್ತಾರೆ. ಶಾಕ್‌ನಲ್ಲಿ ಶೇ 5ರ ಡೆಕ್ಸ್‌ಟ್ರೋಸ್ ಕೆಲಸಕ್ಕೆ ಬಾರದ ದ್ರವ. 500 ಎಂಎಲ್ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ. ಆ ಸಕ್ಕರೆಯನ್ನು ಮೈ ಬಳಸಿಕೊಂಡ ಮೇಲೆ ಉಳಿಯುವುದು ಬರೀ ನೀರು, ಅದು ಮೈಯೆಲ್ಲ ಹರಡಿಹೋಗುತ್ತದೆ. ರಕ್ತನಾಳದಲ್ಲಿ ನಿಲ್ಲುವುದು ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ. ಡಿಎನ್‌ಎಸ್ (ಡೆಕ್ಸ್‌ಟ್ರೋಸ್ ಬೆರೆಸಿದ ಸಲೈನ್) ಅನ್ನು ವೇಗವಾಗಿ ಬಿಟ್ಟರೆ ಶುಗರ್ ಏರಿ ಮೂತ್ರ ಹೆಚ್ಚಾಗುತ್ತದೆ. ಅದನ್ನು ನೋಡಿ ಕಿಡ್ನಿ ಚೆನ್ನಾಗಿದೆ ಅಂದುಕೊಳ್ಳುವ ಅಪಾಯವೂ ಇದೆ. ಗ್ಲೂಕೋಮೀಟರಿನಲ್ಲಿ ಶುಗರ್ ಕಡಿಮೆ ಬಂದರೆ ಶೇ 25ರ ಡೆಕ್ಸ್‌ಟ್ರೋಸ್ ಕೊಡಿ. ಅದು ಬೇರೆ ಚಿಕಿತ್ಸೆ, ಅದನ್ನು ಇದಕ್ಕೆ ಬೆರೆಸಬೇಡಿ.

ಪಿಷ್ಟದಿಂದ ಮಾಡಿದ ಸ್ಟಾರ್ಚ್ ದ್ರವಗಳು ಬೇಡವೇ ಬೇಡ. 2012ರಲ್ಲಿ ಉತ್ತರ ಯುರೋಪಿನ 6ಎಸ್ ಅಧ್ಯಯನದಲ್ಲಿ, ಸೆಪ್ಸಿಸ್‌ಗೆ ಸ್ಟಾರ್ಚ್ ಪಡೆದವರಲ್ಲಿ 90 ದಿನದೊಳಗೆ ಶೇ 51 ಜನ ಸತ್ತರು, ರಿಂಗರ್ ದ್ರಾವಣ ಪಡೆದವರಲ್ಲಿ ಶೇ 43. ಅದೇ ವರ್ಷ 7,000 ರೋಗಿಗಳ ಚೆಸ್ಟ್ ಅಧ್ಯಯನದಲ್ಲಿ ಸ್ಟಾರ್ಚ್ ಪಡೆದವರಿಗೆ ಡಯಾಲಿಸಿಸ್ ಹೆಚ್ಚು ಬೇಕಾಯಿತು. ಜೆಲಾಟಿನ್ ದ್ರವಗಳೂ ಬೇಡ ಎನ್ನುತ್ತದೆ ಮಾರ್ಗಸೂಚಿ. ರಕ್ತದ ಪ್ರೋಟೀನ್ ಆದ ಆಲ್ಬುಮಿನ್ ಅಪಾಯಕಾರಿಯಲ್ಲ, ಆದರೆ ಒಂದು ಬಾಟಲಿಗೆ ಸಾವಿರಾರು ರೂಪಾಯಿ. 2004ರ ಸೇಫ್ ಅಧ್ಯಯನದಲ್ಲಿ ಸುಮಾರು 7,000 ಜನರಿಗೆ ಸಲೈನ್ ಅಥವಾ ಆಲ್ಬುಮಿನ್ ಕೊಟ್ಟು ನೋಡಿದರು, ಸಾವಿನ ಸಂಖ್ಯೆ ಹೆಚ್ಚುಕಮ್ಮಿ ಒಂದೇ. ಬಹಳ ದ್ರವ ಹೋದ ಮೇಲೂ ಬಿಪಿ ನಿಲ್ಲದವರಿಗೆ ಐಸಿಯುನಲ್ಲಿ ಯೋಚಿಸಬಹುದು. ಮೊದಲ ಗಂಟೆಯಲ್ಲಿ ಮನೆಯವರನ್ನು ಒಡವೆ ಅಡವಿಡಲು ಕಳಿಸುವಂಥ ಔಷಧಿ ಅದಲ್ಲ.

ಸೂಜಿ, ರಕ್ತ, ಆಂಟಿಬಯೋಟಿಕ್

ಹಸಿರು ಕ್ಯಾನುಲಾ ಹಾಕಿ, 18 ಗೇಜಿನದು. ಸಾಧ್ಯವಾದರೆ ಎರಡೂ ಕೈಗೆ. ಅದಕ್ಕಿಂತ ಸಣ್ಣದಾದ ನೀಲಿ ಕ್ಯಾನುಲಾದಲ್ಲಿ ಬೋಲಸ್ (ಒಂದೇ ಸಲಕ್ಕೆ ವೇಗವಾಗಿ ಬಿಡುವ ದ್ರವ) ಕೊಡುತ್ತೇನೆ ಅಂದರೆ ಬಾಟಲಿ ಮುಗಿಯುವಷ್ಟರಲ್ಲಿ ಹೊತ್ತು ಮೀರುತ್ತದೆ. ಸೂಜಿ ಹಾಕುವಾಗಲೇ ಕಲ್ಚರ್‌ಗೆ, ಅಂದರೆ ಯಾವ ರೋಗಾಣು ಅಂತ ಬೆಳೆಸಿ ನೋಡುವ ಪರೀಕ್ಷೆಗೆ, ರಕ್ತ ತೆಗೆಯಿರಿ. ಕಲ್ಚರ್ ಸೌಲಭ್ಯ ಇಲ್ಲದಿದ್ದರೆ ಅದಕ್ಕಾಗಿ ಕಾಯಬೇಡಿ. ಶಾಕ್ ಇದ್ದರೆ ಆಂಟಿಬಯೋಟಿಕ್ ಒಂದು ಗಂಟೆಯೊಳಗೆ ಒಳಗೆ ಹೋಗಬೇಕು. ಕೀವು ತುಂಬಿದ ಜಾಗ ಹಾಗೇ ಇದ್ದರೆ, ಆಂಟಿಬಯೋಟಿಕ್ ತಡವಾದರೆ, ಡ್ರಿಪ್ ಹಾಕುವುದು ಬದು ಒಡೆದ ಗದ್ದೆಗೆ ನೀರು ಬಿಟ್ಟ ಹಾಗೆ.

ಎಷ್ಟು ಹಾಕಬೇಕು

ಮಾರ್ಗಸೂಚಿಯ ಲೆಕ್ಕ ಇದು: ಬಿಪಿ ಬಿದ್ದಿದ್ದರೆ ಅಥವಾ ಲ್ಯಾಕ್ಟೇಟ್ ಏರಿದ್ದರೆ ಮೊದಲ 3 ಗಂಟೆಯಲ್ಲಿ ಪ್ರತಿ ಕೆಜಿ ತೂಕಕ್ಕೆ 30 ಎಂಎಲ್. 50 ಕೆಜಿಯ ರೋಗಿಗೆ 1,500 ಎಂಎಲ್, ಅಂದರೆ ಅರ್ಧ ಲೀಟರಿನ ಮೂರು ಬಾಟಲಿ. ನಮ್ಮ ಅನೇಕ ತೋಟದ ಕೂಲಿ ಹೆಂಗಸರು 40 ಕೆಜಿಯೂ ಇರುವುದಿಲ್ಲ. ಅವರಿಗೆ ಎರಡೂವರೆ ಬಾಟಲಿಗೇ ಲೆಕ್ಕ ಮುಗಿಯಿತು. ತೂಕ ನೋಡದೆ ಎಲ್ಲರಿಗೂ 'ಎರಡು ಲೀಟರ್ ಸ್ಟ್ಯಾಟ್' (ತಕ್ಷಣ) ಅಂತ ಬರೆಯುವ ಅಭ್ಯಾಸ ಬಿಡಬೇಕು.

ಈ 30 ಅನ್ನುವ ಅಂಕಿ ದೇವರ ವಾಕ್ಯವಲ್ಲ. 2016ರಲ್ಲಿ ಅದು ಗಟ್ಟಿ ಶಿಫಾರಸಾಗಿತ್ತು. 2021ರಲ್ಲಿ ಅದನ್ನು ಬಲವಿಲ್ಲದ ಸಲಹೆಯ ಮಟ್ಟಕ್ಕೆ ಇಳಿಸಿದರು. ಇದಕ್ಕಿಂತ ಮುಖ್ಯವಾದ ಒಂದು ಅಧ್ಯಯನವನ್ನು ನಮ್ಮ ತಾಲ್ಲೂಕು ಆಸ್ಪತ್ರೆಯವರು ತಿಳಿದಿರಬೇಕು. ಆಫ್ರಿಕಾದ ಜಾಂಬಿಯಾದ ರಾಜಧಾನಿ ಲುಸಾಕಾದ ಒಂದು ಆಸ್ಪತ್ರೆಯಲ್ಲಿ ಬಿಪಿ ಬಿದ್ದ ಸುಮಾರು 200 ಸೆಪ್ಸಿಸ್ ರೋಗಿಗಳಲ್ಲಿ ಅರ್ಧ ಜನರಿಗೆ ದ್ರವವನ್ನು ಬೇಗ ಬೇಗ, ಹೆಚ್ಚು ಕೊಟ್ಟರು. ಇನ್ನರ್ಧಕ್ಕೆ ವೈದ್ಯರು ಎಂದಿನಂತೆ ತಮಗೆ ತೋಚಿದಷ್ಟು ಕೊಟ್ಟರು. 2017ರಲ್ಲಿ ಬಂದ ಫಲಿತಾಂಶ ನೋಡಿ: ಹೆಚ್ಚು ದ್ರವ ಪಡೆದವರಲ್ಲಿ ಶೇ 48 ಸಾವು, ಉಳಿದವರಲ್ಲಿ ಶೇ 33. ಅಲ್ಲಿನ ರೋಗಿಗಳಲ್ಲಿ ಎಚ್‌ಐವಿ ಇದ್ದವರೇ ಹೆಚ್ಚು, ಆ ವ್ಯತ್ಯಾಸ ಒಪ್ಪೋಣ. ಆದರೆ ವೆಂಟಿಲೇಟರ್ ಸುಲಭಕ್ಕೆ ಸಿಗದ ವಾರ್ಡಿನಲ್ಲಿ ಶ್ವಾಸಕೋಶಕ್ಕೆ ನೀರು ತುಂಬಿದರೆ ರೋಗಿಯನ್ನು ಉಳಿಸುವ ದಾರಿ ಇರುವುದಿಲ್ಲ ಅನ್ನುವುದು ಲುಸಾಕಾದಲ್ಲೂ ನಿಜ, ಆಲೂರಿನಲ್ಲೂ ನಿಜ. ಐಸಿಯು ಇರುವ ದೇಶಗಳಲ್ಲಿ ನಡೆದ ಕ್ಲಾಸಿಕ್ (2022) ಮತ್ತು ಕ್ಲೋವರ್ಸ್ (2023) ಅಧ್ಯಯನಗಳಲ್ಲಿ ಕಡಿಮೆ ದ್ರವ ಕೊಟ್ಟರೂ, ಎಂದಿನಷ್ಟು ಕೊಟ್ಟರೂ ಸಾವು ಹೆಚ್ಚುಕಮ್ಮಿ ಒಂದೇ ಇತ್ತು. ಹಾಗಾಗಿ ಕೈ ಬಿಗಿ ಹಿಡಿದರೆ ರೋಗಿ ಸಾಯುತ್ತಾನೆ ಅನ್ನುವ ಹೆದರಿಕೆ ಬೇಡ.

ಮಾಡುವ ಕ್ರಮ ಹೀಗೆ. 500 ಎಂಎಲ್ ಆರ್‌ಎಲ್ ತೂಗುಹಾಕಿ, ಕ್ಲಾಂಪ್ ಪೂರ್ತಿ ಬಿಡಿ, ಬಾಟಲಿ ಮೇಲೆ ಸಮಯ ಬರೆಯಿರಿ. ಅರ್ಧ ಗಂಟೆಯೊಳಗೆ ಮುಗಿಯಬೇಕು. ಈ ವೇಗದಲ್ಲಿ ಹನಿ ಎಣಿಸಲು ಆಗುವುದಿಲ್ಲ, ಗಡಿಯಾರವೇ ಲೆಕ್ಕ. ಹೃದಯದ ತೊಂದರೆ ಇದ್ದವರಿಗೆ, ಡಯಾಲಿಸಿಸ್‌ನಲ್ಲಿರುವವರಿಗೆ, ಮೈಯಲ್ಲಿ ರಕ್ತ ತೀರಾ ಕಡಿಮೆ ಇರುವವರಿಗೆ 250 ಎಂಎಲ್‌ನಿಂದ ಶುರು ಮಾಡಿ. ದ್ರವವನ್ನೇ ಕೊಡಬಾರದು ಅಂತೇನಿಲ್ಲ, ಸಣ್ಣ ತುತ್ತಾಗಿ ಕೊಡಬೇಕು ಅಷ್ಟೇ.

ಪ್ರತಿ ಬಾಟಲಿ ಮುಗಿದಾಗಲೂ ಹಾಸಿಗೆ ಹತ್ತಿರ ಹೋಗಿ. ಫೋನಿನಲ್ಲಿ "ಇನ್ನೊಂದು ಹಾಕಿ ಸಿಸ್ಟರ್" ಅನ್ನಬೇಡಿ. ಬೆರಳ ತುದಿಯನ್ನು 10 ಸೆಕೆಂಡ್ ಒತ್ತಿ ಬಿಡಿ. ಬಿಳಿಚಿದ ಜಾಗಕ್ಕೆ ಬಣ್ಣ ಮರಳಲು 3 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ರಕ್ತ ಇನ್ನೂ ಸರಿಯಾಗಿ ಹರಿಯುತ್ತಿಲ್ಲ. 2019ರ ಆಂಡ್ರೋಮಿಡಾ-ಶಾಕ್ ಅಧ್ಯಯನದಲ್ಲಿ ಇದೇ ಪರೀಕ್ಷೆ ನೋಡಿಕೊಂಡು ಚಿಕಿತ್ಸೆ ಕೊಟ್ಟವರ ಫಲಿತಾಂಶ ಲ್ಯಾಕ್ಟೇಟ್ ನೋಡಿ ಕೊಟ್ಟವರಿಗಿಂತ ಕಡಿಮೆ ಏನಿರಲಿಲ್ಲ. ಲ್ಯಾಕ್ಟೇಟ್ ಯಂತ್ರ ಇಲ್ಲದ ಕಡೆ ಇದು ದೊಡ್ಡ ಸಮಾಧಾನ. ಮಳೆಗಾಲದ ಚಳಿಯಲ್ಲಿ ಬೆರಳು ಮೊದಲೇ ತಣ್ಣಗಿರುತ್ತದೆ, ಉಜ್ಜಿ ಬೆಚ್ಚಗೆ ಮಾಡಿ ನೋಡಿ.

ಅದರ ಜೊತೆ ನಾಡಿ, ಬಿಪಿ, ಉಸಿರಿನ ವೇಗ, ಆಕ್ಸಿಜನ್, ಪ್ರಜ್ಞೆ ನೋಡಿ. ಬೆನ್ನ ಮೇಲೆ ಸ್ಟೆತೊಸ್ಕೋಪ್ ಇಟ್ಟು ಶ್ವಾಸಕೋಶದ ಬುಡ ಕೇಳಿ. ಕ್ಯಾಥೆಟರ್ ಹಾಕಿ ಮೂತ್ರ ಅಳೆಯಿರಿ, ಕೆಜಿಗೆ ಗಂಟೆಗೆ ಅರ್ಧ ಎಂಎಲ್ ಬರಬೇಕು. ಬಾಟಲಿಯಿಂದ ಉಪಯೋಗ ಕಂಡರೆ, ಇನ್ನೂ ಬೇಕು ಅನ್ನಿಸಿದರೆ ಮುಂದಿನದು. ಏನೂ ಬದಲಾಗದಿದ್ದರೆ ಇನ್ನೊಂದು ಬಾಟಲಿಯಿಂದಲೂ ಆಗುವುದಿಲ್ಲ. ಉಸಿರು ಜೋರಾದರೆ, ಆಕ್ಸಿಜನ್ ಇಳಿದರೆ, ಬುಡದಲ್ಲಿ ಹೊಸದಾಗಿ ಗೊರಗೊರ ಕೇಳಿದರೆ ಅಲ್ಲಿಗೇ ನಿಲ್ಲಿಸಿ, 30ರ ಲೆಕ್ಕ ಮುಗಿದಿರಲಿ ಬಿಡಲಿ.

ನಾರ್‌ಅಡ್ರಿನಲಿನ್‌ಗೆ ಹೆದರಬೇಡಿ

ಸರಾಸರಿ ಬಿಪಿ ಲೆಕ್ಕ ಹಾಕಿ: ಮೇಲಿನದಕ್ಕೆ ಕೆಳಗಿನದರ ಎರಡರಷ್ಟು ಕೂಡಿಸಿ ಮೂರರಿಂದ ಭಾಗಿಸಿ. 80/40 ಇದ್ದರೆ 53. ಗುರಿ 65. ಎರಡು ಮೂರು ಬಾಟಲಿಗೂ ಅಲ್ಲಿಗೆ ಮುಟ್ಟದಿದ್ದರೆ ರಕ್ತನಾಳ ಬಿಗಿಸಿ ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಶುರು ಮಾಡಿ. ಕೆಳಗಿನ ಬಿಪಿ 40ರ ಆಸುಪಾಸು ಇದ್ದರೆ ಮೊದಲ ಬಾಟಲಿ ಹರಿಯುತ್ತಿರುವಾಗಲೇ ಶುರು ಮಾಡಿ. ಸೆಂಟ್ರಲ್ ಲೈನ್ (ಕತ್ತು ಅಥವಾ ಎದೆಯ ದೊಡ್ಡ ನಾಳಕ್ಕೆ ಹಾಕುವ ಕೊಳವೆ) ಇಲ್ಲ ಅಂತ ಕಾಯುವುದು ಹಳೆಯ ಪದ್ಧತಿ. ಮೊಣಕೈ ಮಡಿಕೆಯ ಅಥವಾ ಅದಕ್ಕಿಂತ ಮೇಲಿನ ದೊಡ್ಡ ನಾಳದಲ್ಲಿ ಸ್ವಲ್ಪ ಹೊತ್ತು ಕೊಡಬಹುದು ಎಂದು 2021ರ ಮಾರ್ಗಸೂಚಿಯೇ ಹೇಳಿದೆ. ಆ ಕೈಯನ್ನು ಪದೇ ಪದೇ ನೋಡುತ್ತಿರಿ. ಚರ್ಮ ಬಿಳಿಚಿದರೆ, ಊದಿದರೆ ತಕ್ಷಣ ಲೈನ್ ಬದಲಿಸಿ.

ಆಂಪೂಲ್ ಒಡೆಯುವ ಮೊದಲು ಲೇಬಲ್ ಓದಿ. 2 ಮಿಲಿಗ್ರಾಂ ನಾರ್‌ಅಡ್ರಿನಲಿನ್ ಬೈಟಾರ್ಟ್ರೇಟ್ ಅಂದರೆ ಸುಮಾರು 1 ಮಿಲಿಗ್ರಾಂ ನಾರ್‌ಅಡ್ರಿನಲಿನ್. ಯಾವ ಅಂಕಿ ಬರೆದಿದ್ದಾರೆ ಅಂತ ನೋಡದಿದ್ದರೆ ಡೋಸ್ ಎರಡು ಪಟ್ಟು ಹೆಚ್ಚುಕಮ್ಮಿ ಆಗಬಹುದು. ನಾರ್‌ಅಡ್ರಿನಲಿನ್ ಇಲ್ಲವೇ ಇಲ್ಲ ಅಂದರೆ ಎಮರ್ಜೆನ್ಸಿ ಟ್ರೇಯ ಅಡ್ರಿನಲಿನ್ ಅನ್ನು ಇನ್‌ಫ್ಯೂಷನ್ ಆಗಿ ಕೊಡಬಹುದು. ಡೋಪಮಿನ್‌ನಿಂದ ಹೃದಯದ ಬಡಿತ ತಪ್ಪುವುದು ಹೆಚ್ಚು, ನಾನದನ್ನು ಕೊನೆಗೆ ಇಡುತ್ತೇನೆ.

ನಮ್ಮ ಕಡೆಯ ಜ್ವರಗಳು

ಮಲೆನಾಡಿನ ಎಲ್ಲ ಜ್ವರಕ್ಕೂ ಈ ಲೆಕ್ಕ ಕೂರುವುದಿಲ್ಲ. ಡೆಂಗಿ ಶಾಕ್‌ನಲ್ಲಿ ಪ್ಲಾಸ್ಮಾ ಸೋರುವುದೇ ಮೂಲ ತೊಂದರೆ. ಅಲ್ಲಿ ಬಿಪಿ ಇನ್ನೂ ನಿಂತಿರುವ ಶಾಕ್‌ಗೆ ಮೊದಲ ಗಂಟೆಯಲ್ಲಿ ಕೆಜಿಗೆ 5ರಿಂದ 10 ಎಂಎಲ್, ಆಮೇಲೆ ಹೆಮಟೊಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ನೋಡಿಕೊಂಡು ಇಳಿಸುತ್ತಾ ಬರಬೇಕು. ಸೋರುವ ಹಂತ ಒಂದೆರಡು ದಿನ ಅಷ್ಟೇ. ಆಮೇಲೆ ಅದೇ ದ್ರವ ಒಳಗೆ ವಾಪಸ್ ಬರುತ್ತದೆ, ಆಗಲೂ ಡ್ರಿಪ್ ಓಡುತ್ತಿದ್ದರೆ ಶ್ವಾಸಕೋಶ ತುಂಬುತ್ತದೆ.

ಪೊದೆಯ ಸಣ್ಣ ಹುಳ ಕಚ್ಚಿ ಬರುವ ಸ್ಕ್ರಬ್ ಟೈಫಸ್‌ನಲ್ಲಿ ರಕ್ತನಾಳದ ಗೋಡೆಯೇ ಊದಿರುತ್ತದೆ, ಶ್ವಾಸಕೋಶ ಬಹಳ ಬೇಗ ಕೆಡುತ್ತದೆ. ಕಂಕುಳು, ತೊಡೆಸಂದು, ಸೊಂಟದ ಪಟ್ಟಿಯ ಜಾಗ ತೆಗೆದು ನೋಡಿ, ಕಪ್ಪು ಹಕ್ಕಳೆ ಸಿಕ್ಕರೆ ಡಾಕ್ಸಿಸೈಕ್ಲಿನ್ ತಕ್ಷಣ ಬೇಕು. ಸೆಫ್‌ಟ್ರಿಯಾಕ್ಸೋನ್ ಅದಕ್ಕೆ ಕೆಲಸ ಮಾಡುವುದಿಲ್ಲ. ಇಲಿ ಜ್ವರದಲ್ಲಿ ಕಿಡ್ನಿ ಕೆಟ್ಟರೂ ಮೂತ್ರ ಹೋಗುತ್ತಲೇ ಇರಬಹುದು, ಪೊಟ್ಯಾಶಿಯಂ ಇಳಿದಿರಬಹುದು. ಕಫದಲ್ಲಿ ರಕ್ತ ಕಂಡರೆ ದ್ರವದಲ್ಲಿ ತುಂಬಾ ಬಿಗಿ ಇರಿ. ಮಂಗನ ಕಾಯಿಲೆ ಬರುವ ಕಡೆ ಆ ಪರೀಕ್ಷೆಯನ್ನೂ ಕಳಿಸಿ.

ಮಕ್ಕಳಿಗೆ ದೊಡ್ಡವರ ಲೆಕ್ಕ ಬೇಡ. ಉಗಾಂಡ, ಕೀನ್ಯಾ, ತಾಂಜಾನಿಯಾದ 3,141 ಮಕ್ಕಳ ಫೀಸ್ಟ್ ಅಧ್ಯಯನ 2011ರಲ್ಲಿ ಎಲ್ಲರನ್ನೂ ಬೆಚ್ಚಿಸಿತು. ಬೋಲಸ್ ಪಡೆದ ಮಕ್ಕಳಲ್ಲಿ 48 ಗಂಟೆಯೊಳಗೆ ಶೇ 10.5ರಷ್ಟು ಸಾವು, ಬೋಲಸ್ ಇಲ್ಲದವರಲ್ಲಿ ಶೇ 7.3. ಐಸಿಯು ಇಲ್ಲದ ಕಡೆ, ಬಿಪಿ ಬೀಳದ ಮಗುವಿಗೆ ಬೋಲಸ್ ಬೇಡ ಎಂದು ಮಕ್ಕಳ ಮಾರ್ಗಸೂಚಿ ಹೇಳುತ್ತದೆ. ಮಕ್ಕಳ ಡಾಕ್ಟರಿಗೆ ಫೋನ್ ಮಾಡಿ, ಕಳಿಸುವ ವ್ಯವಸ್ಥೆ ಮಾಡಿ.

ಲೆಕ್ಕ ಬರೆದು ಕಳಿಸಿ

ರೋಗಿ ಊರಿನ ಕ್ಲಿನಿಕ್‌ನಲ್ಲಿ ಒಂದು ಬಾಟಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ಮೂರು, ಆಂಬುಲೆನ್ಸ್‌ನಲ್ಲಿ ಒಂದು ಹಾಕಿಸಿಕೊಂಡು ಹಾಸನದ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ಗೋ, ಚಿಕ್ಕಮಗಳೂರಿಗೋ, ಶಿರಾಡಿ ಇಲ್ಲವೇ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೋ ಹೋಗುತ್ತಾನೆ. ಘಾಟಿಯಲ್ಲಿ ಮಣ್ಣು ಕುಸಿದಿದ್ದರೆ ದಾರಿ ಇನ್ನೂ ಉದ್ದ. ಅಲ್ಲಿನ ಡಾಕ್ಟರ ಕೈಗೆ ಬರುವ ಚೀಟಿಯಲ್ಲಿ 'ಐವಿ ಫ್ಲೂಯಿಡ್ಸ್ ಗಿವನ್' ಅಂತಷ್ಟೇ ಇರುತ್ತದೆ. ಅವರು ಪಾಪ, ಮತ್ತೆ 30ರ ಲೆಕ್ಕ ಮೊದಲಿನಿಂದ ಶುರು ಮಾಡುತ್ತಾರೆ. ರೆಫರಲ್ ಚೀಟಿಯಲ್ಲಿ ಇಷ್ಟು ಇರಲಿ: ತೂಕ, ಯಾವ ದ್ರವ, ಒಟ್ಟು ಎಷ್ಟು ಎಂಎಲ್, ಎಷ್ಟು ಗಂಟೆಯಿಂದ ಎಷ್ಟರವರೆಗೆ, ಒಟ್ಟು ಮೂತ್ರ, ಆಂಟಿಬಯೋಟಿಕ್ ಕೊಟ್ಟ ಸಮಯ, ನಾರ್‌ಅಡ್ರಿನಲಿನ್ ಎಷ್ಟರಲ್ಲಿ ಓಡುತ್ತಿದೆ. ಕ್ಲಿನಿಕ್‌ನಲ್ಲಿ ಹಾಕಿದ್ದನ್ನು ಮನೆಯವರಲ್ಲಿ ಕೇಳಿ ಸೇರಿಸಿ. ಅದನ್ನು ಅವರು ತಾವಾಗಿ ಹೇಳುವುದು ಕಡಿಮೆ.

ಲೆಕ್ಕಕ್ಕೆ ಸಿಗದ ದ್ರವವೂ ಇದೆ. ಮೆರೊಪೆನೆಮ್ ದಿನಕ್ಕೆ ಮೂರು ಸಲ 100 ಎಂಎಲ್ ಸಲೈನ್‌ನಲ್ಲಿ, ಮೆಟ್ರೊನಿಡಜೋಲ್ ಮೂರು ಸಲ 100 ಎಂಎಲ್, ಪ್ಯಾರಾಸಿಟಮಾಲ್ ಬಾಟಲಿ ನಾಲ್ಕು ಸಲ 100 ಎಂಎಲ್. ಅಲ್ಲಿಗೆ ಒಂದು ಲೀಟರ್ ಆಯಿತು, ಯಾರೂ ಅದನ್ನು ಡ್ರಿಪ್ ಅಂತ ಬರೆದಿಲ್ಲ. ಅದರಲ್ಲಿ ಸಲೈನ್ ಇರುವಷ್ಟು ಪಾಲಿಗೆ ಉಪ್ಪೂ ಸೇರುತ್ತದೆ, ಒಂದು ಲೀಟರ್ ಸಲೈನ್ ಅಂದರೆ 9 ಗ್ರಾಂ ಉಪ್ಪು. ದಿನಕ್ಕೆ 5 ಗ್ರಾಂ ಒಳಗೆ ತಿನ್ನಿ ಅಂತ ಬಿಪಿ ರೋಗಿಗೆ ಹೇಳುವವರು ನಾವೇ! ನುಂಗಲು ಆಗುವವರಿಗೆ ಪ್ಯಾರಾಸಿಟಮಾಲ್ ಮಾತ್ರೆ ಕೊಡಿ. ಸಾಧ್ಯವಿರುವ ಇಂಜೆಕ್ಷನ್‌ಗಳನ್ನು ಕಡಿಮೆ ದ್ರವದಲ್ಲಿ ಕೊಡಿ.

ಬಿಪಿ ನಿಂತು, ನಾರ್‌ಅಡ್ರಿನಲಿನ್ ಇಳಿಯತೊಡಗಿದ ಮೇಲೆ 'ಗಂಟೆಗೆ 100 ಎಂಎಲ್' ಅನ್ನುವ ಆರ್ಡರ್ ಅನ್ನು ನಾಳೆಗೂ ನಕಲು ಮಾಡಬೇಡಿ, ಹೊಡೆದುಹಾಕಿ. ಕಾಲು, ಬೆನ್ನಿನ ಕೆಳಗೆ ಊತ ಬಂದು ಆಕ್ಸಿಜನ್ ಇನ್ನೂ ಬೇಕಾಗುತ್ತಿದ್ದರೆ ಮೂತ್ರ ಹೆಚ್ಚಿಸುವ ಫ್ರುಸೆಮೈಡ್ ಕೊಟ್ಟು ದ್ರವ ಹೊರಗೆ ತೆಗೆಯುವ ಹಂತ ಅದು. "ಡ್ರಿಪ್ ಯಾಕೆ ತೆಗೆದ್ರಿ ಸಾರ್, ಇನ್ನೂ ಸುಸ್ತಿದೆಯಲ್ಲ" ಅಂತ ಮನೆಯವರು ಕೇಳುತ್ತಾರೆ. ಶ್ವಾಸಕೋಶಕ್ಕೆ ನೀರು ತುಂಬುತ್ತದೆ, ಅದಕ್ಕೆ ತೆಗೆದೆವು ಅಂತ ನೇರವಾಗಿ ಹೇಳಿ, ಅರ್ಥ ಮಾಡಿಕೊಳ್ಳುತ್ತಾರೆ. ಪ್ರಜ್ಞೆ ಚೆನ್ನಾಗಿದ್ದು ನುಂಗಲು ಆಗುತ್ತಿದ್ದರೆ ಗಂಜಿ ಕೊಡಲಿ. ಎಳನೀರು ತರುತ್ತಾರೆ, ಅದು ನಮ್ಮ ಕಡೆ ತಪ್ಪುವುದಿಲ್ಲ. ಅದರಲ್ಲಿ ಪೊಟ್ಯಾಶಿಯಂ ಬಹಳ. ಆರ್‌ಎಲ್‌ನ 4ಕ್ಕೆ ಹೆದರುವವರು ಇದಕ್ಕೆ ಹೆದರುವುದಿಲ್ಲ. ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ), ಪೊಟ್ಯಾಶಿಯಂ ವರದಿ ಬಂದು ನೀವು ಹೂಂ ಅನ್ನುವವರೆಗೆ ಎಳನೀರನ್ನು ಮನೆಯವರೇ ಕುಡಿಯಲಿ.